ಪಾಲೆ ದಾಯಿಯ ರೇಡಿಯೊ

ಕಠ್ಮಂಡು, 2008 ಏಪ್ರಿಲ್ 15, ಮಂಗಳವಾರ

ಶಾಲೆಯ ಗೇಟಿನ ಹತ್ತಿರ ಪಾಲೆ ದಾಯಿ ಸಂವಿಧಾನ ಸಭೆಯ ಚುನಾವಣೆಯ ಫಲಿತಾಂಶ ಕೇಳುತ್ತ ಬೆಳಗಿನಿಂದ ರೇಡಿಯೊ ಕಿವಿಗಾನಿಸಿಕೊಂಡೇ ಕೂತಿದ್ದಾರೆ. ಸೆಲ್ಲಿನ ಮುಚ್ಚಳ ಎಂದೋ ಕಳೆದಿದೆ, ರಬ್ಬರ್ ಬ್ಯಾಂಡ್ ಸುತ್ತಿದ್ದಾರೆ. (ಇಲ್ಲಿ ಕಾವಲುಗಾರನಿಗೆ ಪಾಲೆ ಅನ್ನುತ್ತಾರೆ, ದಾಯಿ ಅಂದರೆ ಅಣ್ಣ. ಹದಿಮೂರು ವರ್ಷದಲ್ಲಿ ಅವರ ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ.) ಊರು ರುಕುಂ. ರೋಲ್ಪಾ, ರುಕುಂ ಮಾವೋವಾದಿಗಳ ಪಾಲಾದದ್ದು ಯಾರಿಗೂ ಆಶ್ಚರ್ಯವಲ್ಲ. ಆದರೆ ಕಠ್ಮಂಡು ಜಿಲ್ಲೆಯಲ್ಲೂ ಇಷ್ಟೊಂದು ಸ್ಥಾನ! ಇನ್ನೊಂದು ಕಮ್ಯುನಿಸ್ಟ್ ಪಕ್ಷ ಎಮಾಲೆಯ ಮಾಧವ್ ಕುಮಾರ್ ನೇಪಾಳ್ ನಿಂತ ಎರಡೂ ಕಡೆ ಸೋತರು.

ಸ್ಟಾಫ್ ರೂಮಿನವರ ಮಾತು ಒಂದೇ: ಮಾವೋವಾದಿಗಳು ಸೋತರೆ ಮತ್ತೆ ಕಾಡಿಗೆ ಹೋಗುತ್ತಾರೆ ಅನ್ನುವ ಹೆದರಿಕೆಗೆ ಜನ ವೋಟು ಹಾಕಿದರು. ಹೆದರಿಕೆ ಇದ್ದದ್ದು ನಿಜ, ಅವರ ಯುವಕರ ದಳದ ಕಾಟವೂ ನಿಜ. ಅಷ್ಟೇ ಅಂದರೆ ನಾನು ಒಪ್ಪುವುದಿಲ್ಲ. 1996ರ ಫೆಬ್ರುವರಿ 13ರಂದು ಮಾವೋವಾದಿಗಳು ಗುಡ್ಡದ ಪೊಲೀಸ್ ಠಾಣೆಗಳ ಮೇಲೆ ಬಿದ್ದಾಗ ನಾನು ಇಲ್ಲಿಗೆ ಬಂದು ಒಂದು ವರ್ಷ. ನಾಲ್ಕು ದಿನದ ಗಲಾಟೆ ಅಂದುಕೊಂಡು ಸುಮ್ಮನಾದವರಲ್ಲಿ ನಾನೂ ಒಬ್ಬ. ಗುಡ್ಡದವರು ಏನು ಕೇಳುತ್ತಿದ್ದಾರೆಂದು ಈ ಪೇಟೆ ಯಾವತ್ತು ವಿಚಾರಿಸಿತ್ತು?

ದಾಯಿಗೆ ಸೀಟಿನ ಲೆಕ್ಕ ಬೇಕಿಲ್ಲ. ಮಗಳು ಹದಿನಾರಕ್ಕೇ ಮಾವೋವಾದಿಗಳ ಸೈನ್ಯ ಸೇರಿದವಳು, ಈಗ ಯುದ್ಧ ನಿಂತ ಮೇಲೆ ಹೋರಾಟಗಾರರನ್ನು ಇರಿಸಿದ ರೋಲ್ಪಾದ ದಹಬನ್ ಶಿಬಿರದಲ್ಲಿದ್ದಾಳೆ. "ಗೆದ್ದರಲ್ಲ ಸರ್, ಇನ್ನು ಮನೆಗೆ ಕಳಿಸ್ತಾರಲ್ವಾ?" ಅಂದರು.

ಜೂನ್ 11, ಬುಧವಾರ

ರಾಜ ನಾರಾಯಣಹಿಟಿ ಅರಮನೆ ಬಿಟ್ಟು ಹೊರಟ. ಪತ್ರಕರ್ತರನ್ನು ಕರೆದು ಮಾತಾಡಿ, ಕಾರು ಹತ್ತಿ ನಾಗಾರ್ಜುನದ ಕಾಡಿನ ಬಂಗಲೆಗೆ. 240 ವರ್ಷದ ಅರಸೊತ್ತಿಗೆಗೆ ಸಂವಿಧಾನ ಸಭೆಯಲ್ಲಿ ಬಿದ್ದ ಬೆಂಬಲ ನಾಲ್ಕು ಮತ, ವಿರುದ್ಧ 560. ಸಂಜೆ ಸೀಮೆಎಣ್ಣೆ ಸಿಗಲಿಲ್ಲ.

ಆಗಸ್ಟ್ 18, ಸೋಮವಾರ

ಮಾವೋವಾದಿಗಳ ನಾಯಕ ಪ್ರಚಂಡ ಪ್ರಧಾನಿಯಾಗಿ ಪ್ರಮಾಣವಚನ ತೆಗೆದುಕೊಂಡರು. ನೇಪಾಳಿ ಉಡುಪು ದೌರಾ ಸುರುವಾಲ್ ಇಲ್ಲ, ಕೋಟು, ಟೈ. ಸ್ಟಾಫ್ ರೂಮಿನಲ್ಲಿ ಇಡೀ ಚರ್ಚೆ ಟೈ ಬಗ್ಗೆಯೇ. ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ. ಪ್ರಧಾನಿಯನ್ನು ಆರಿಸುವ ಶುಕ್ರವಾರದ ಮತದಾನದಲ್ಲಿ ಅವರಿಗೆ 464, ಎದುರು ನಿಂತ ಶೇರ್ ಬಹಾದೂರ್ ದೇವುಬಾಗೆ 113. 1996ರಲ್ಲಿ ಮಾವೋವಾದಿಗಳ ಬಾಬುರಾಮ್ ಭಟ್ಟರಾಯ್ 40 ಬೇಡಿಕೆಗಳ ಪಟ್ಟಿ ಕೊಟ್ಟದ್ದು ಇದೇ ದೇವುಬಾ ಪ್ರಧಾನಿಯಾಗಿದ್ದಾಗ. ಹತ್ತು ದಿನ ಕಳೆಯುವುದರೊಳಗೆ ಯುದ್ಧ ಶುರುವಾಗಿತ್ತು. ಹದಿಮೂರು ಸಾವಿರಕ್ಕೂ ಹೆಚ್ಚು ಜನ ಸತ್ತ ಮೇಲೆ ಅದೇ ಎರಡು ಕಡೆಯವರು ಒಂದೇ ಸಭೆಯಲ್ಲಿ ಮತ ಎಣಿಸಿಕೊಂಡು ಕೂತರು. ಆ ಪಟ್ಟಿಯನ್ನು ಮೇಜಿನ ಮೇಲೆ ಹರಡಿಕೊಂಡು ಮಾತಾಡಲು ಆಗ ಏನು ಕಷ್ಟವಿತ್ತು?

ರಾತ್ರಿ ಸುದ್ದಿ: ಇವತ್ತೇ ಕೋಸಿ ನದಿಯ ಏರಿ ಒಡೆದಿದೆ.

2009 ಜನವರಿ 12, ಸೋಮವಾರ

ದಿನಕ್ಕೆ ಹದಿನಾರು ಗಂಟೆ ಲೋಡ್‌ಶೆಡಿಂಗ್. ಮೇಣದ ಬತ್ತಿ ಹಚ್ಚಿಕೊಂಡು ಬರೆಯುತ್ತಿದ್ದೇನೆ.

ಎರಡು ವಾರದಿಂದ ಸ್ಟಾಫ್ ರೂಮಿನಲ್ಲಿ ನಾನೇ ಅಪರಾಧಿ. ಪಶುಪತಿನಾಥನ ಭಟ್ಟರು ಕರ್ನಾಟಕದವರು, ನಾನೂ ಅಲ್ಲಿಯವನು. ಅವರನ್ನು ಬಿಡಿಸಿ ನೇಪಾಳಿ ಅರ್ಚಕರನ್ನು ಕೂರಿಸಲು ಸರ್ಕಾರ ಹೊರಟಿತು. ಕೋರ್ಟ್ ತಡೆದರೂ ಹೊಸಬರಿಂದ ಪೂಜೆ ನಡೆಯಿತು. ಬೀದಿಯಲ್ಲಿ ಗಲಾಟೆ. ಕೊನೆಗೆ ಪ್ರಧಾನಿಯೇ ಹಿಂದೆ ಸರಿದರು. "ನಿಮ್ಮೋರು ಗೆದ್ದರು" ಅಂದ ವಿಜ್ಞಾನದ ಮೇಷ್ಟ್ರಿಗೆ ಉತ್ತರ ಕೊಡಲಿಲ್ಲ. ನಮ್ಮ ದೇವಸ್ಥಾನಕ್ಕೆ ನಮ್ಮವರೇಕೆ ಬೇಡ ಅನ್ನುವ ಅವರ ಪ್ರಶ್ನೆ ತಪ್ಪಲ್ಲ. ಕಾಡಿನಲ್ಲಿ ಆದೇಶ ಕೊಟ್ಟಂತೆ ಗರ್ಭಗುಡಿಗೂ ಆದೇಶ ಕೊಟ್ಟದ್ದು ತಪ್ಪು. ಇದನ್ನು ಊರಿಗೆ ಬರೆದರೆ ಅಣ್ಣ ಬೈಯುತ್ತಾನೆ. ಬರೆಯುವುದಿಲ್ಲ.

ಮೇ 7, ಗುರುವಾರ

ಸೋಮವಾರ ಪ್ರಚಂಡ ರಾಜೀನಾಮೆ ಕೊಟ್ಟರು. ಸೇನಾ ಮುಖ್ಯಸ್ಥ ಕಟವಾಲರನ್ನು ಇವರು ವಜಾ ಮಾಡಿದರು, ರಾಷ್ಟ್ರಪತಿ ಮುಂದುವರಿಯಿರಿ ಅಂದರು. ಒಂಬತ್ತು ತಿಂಗಳೂ ತುಂಬಲಿಲ್ಲ.

ಈಗ ಟೀವಿಯಲ್ಲಿ ಹಳೆಯ ವಿಡಿಯೊ. ಶಕ್ತಿಖೋರ್ ಶಿಬಿರದಲ್ಲಿ ಪ್ರಚಂಡ ತಮ್ಮವರ ಮುಂದೆ ಮಾತಾಡಿದ್ದು: ಇದ್ದದ್ದು ಏಳೆಂಟು ಸಾವಿರ, ನಾವು ಮೂವತ್ತೈದು ಸಾವಿರ ಅಂತ ತೋರಿಸಿದೆವು. ವಿಶ್ವಸಂಸ್ಥೆಯವರು ಪರಿಶೀಲಿಸಿ ಒಪ್ಪಿದ ಹೋರಾಟಗಾರರ ಸಂಖ್ಯೆ 19,602. ಕಂಟೇನರಿನಲ್ಲಿಟ್ಟು ಬೀಗ ಹಾಕಿದ ಬಂದೂಕು 3,475. ಈ ಲೆಕ್ಕ ತಾಳೆಯಾಗದ್ದು ಗಣಿತದ ಮೇಷ್ಟ್ರಾದ ನನಗೂ ಆಗ ಹೊಳೆಯಲಿಲ್ಲ.

ದಾಯಿ ಬಾಗಿಲಲ್ಲೇ ನಿಂತು ಪೂರ್ತಿ ನೋಡಿದರು. "ನನ್ನ ಮಗಳು ಆ ಏಳೆಂಟು ಸಾವಿರದಲ್ಲೇ ಇದ್ದವಳು ಸರ್. ಬರೆದಿಟ್ಟುಕೊಳ್ಳಿ." ಬರೆದಿದ್ದೇನೆ.

ಮೇ 25, ಸೋಮವಾರ

ಎರಡೂ ಕ್ಷೇತ್ರಗಳಲ್ಲಿ ಸೋತಿದ್ದ ಮಾಧವ್ ಕುಮಾರ್ ನೇಪಾಳ್ ಇವತ್ತು ಪ್ರಧಾನಿ. ದಾಯಿ ರೇಡಿಯೊ ಹಾಕಿರಲಿಲ್ಲ, ಸೆಲ್ ಮುಗಿದಿದೆಯಂತೆ. ಮಗಳು ದಹಬನ್‌ನಲ್ಲೇ ಇದ್ದಾಳೆ.