ಮಂಡಾಳು ಒಗ್ಗರಣೆಯ ಅಂಕಪಟ್ಟಿ

ಕಾರಣವಿಲ್ಲದೆ ನಡೆಯುವವನನ್ನು ಲೋಕವು ಅನುಮಾನದಿಂದಲೇ ನೋಡುತ್ತದೆ. ಹೊಲಕ್ಕೆ ಹೋಗುವವನ ನಡಿಗೆಗೆ ಅರ್ಥವುಂಟು. ಸಂತೆಗೆ, ಜಾತ್ರೆಗೆ ಹೋಗುವವರ ನಡಿಗೆಗೂ ಉಂಟು. ಬರಿದೆ ಏಳೆಂಟು ಕಿಲೋಮೀಟರು ನಡೆದು ಹಿಂದಿರುಗುವವರಿಗೆ ಮಾತ್ರ "ಬಸ್ಸು ತಪ್ಪಿತೇನು?" ಎಂಬ ಪ್ರಶ್ನೆ ಕಟ್ಟಿಟ್ಟದ್ದು. ಆದಕಾರಣ ನಾವು ಕೆಲವು ಮಂದಿ ಗೆಳೆಯರು ತಿಂಗಳಿಗೊಮ್ಮೆ ರಾಯದುರ್ಗದ ಸುತ್ತಣ ಹಳ್ಳಿಯ ದಾರಿಗಳನ್ನು ತುಳಿಯಲು ಹೊರಟಾಗ ನಡಿಗೆಗೊಂದು ಗುರಿಯನ್ನು ಗೊತ್ತುಮಾಡಿಕೊಂಡೆವು. ದಾರಿಯ ಕೊನೆಯಲ್ಲಿ ಸಿಕ್ಕುವ ಅಂಗಡಿಯಲ್ಲಿ ಮಂಡಾಳು ಒಗ್ಗರಣೆಯನ್ನೂ ಮೆಣಸಿನಕಾಯಿ ಬಜ್ಜಿಯನ್ನೂ ತಿಂದು, ಹತ್ತಕ್ಕೆ ಇಷ್ಟೆಂದು ಅಂಕ ಕೊಡುವುದೇ ಆ ಗುರಿ.

ಇದು ನಮ್ಮದೇ ಹುಚ್ಚೆಂದು ವಾಚಕರು ಭಾವಿಸಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಹೊಲಗಳ ನಡುವಿನ ಕಾಲುದಾರಿಯಲ್ಲಿ ಗುಂಪಾಗಿ ನಡೆದು, ಕೊನೆಗೆ ಹಂದಿಮಾಂಸದ ಹೂರಣವಿಟ್ಟು ಸುಟ್ಟ 'ಪೋರ್ಕ್ ಪೈ' ಎಂಬ ತಿನಿಸನ್ನು ಹಂಚಿಕೊಂಡು ಅಂಕ ಹಾಕುವವರುಂಟು. ಅಲ್ಲಿಯ ಮೆಲ್ಟನ್ ಮೋಬ್ರೇ ಎಂಬ ಊರಿನ ಪೈ ತನ್ನ ಹೆಸರಿಗೇ ಕಾನೂನಿನ ರಕ್ಷಣೆಯನ್ನು ಪಡೆದಿದೆ. ಅದರ ಬದಿಗಳು ಉಬ್ಬಿರಬೇಕು, ಒಳಗಿನ ಮಾಂಸ ಬೂದುಬಣ್ಣದ್ದಾಗಿರಬೇಕು ಎಂದೆಲ್ಲ ನಿಯಮಗಳಿವೆ. ನಮ್ಮ ಮಂಡಾಳಿಗೆ ಅಂಥ ರಕ್ಷಣೆ ದೊರೆಯುವುದು ಕಷ್ಟ, ಏಕೆಂದರೆ ಅದರ ಹೆಸರೇ ಒಂದು ಕಡೆ ನಿಲ್ಲುವುದಿಲ್ಲ. ಬಳ್ಳಾರಿಯ ಮಂಡಾಳು ದಾವಣಗೆರೆಯಲ್ಲಿ ಮಂಡಕ್ಕಿಯಾಗುತ್ತದೆ. ಧಾರವಾಡದಲ್ಲಿ ಚುರುಮುರಿ, ಮೈಸೂರಿನಲ್ಲಿ ಪುರಿ, ತೆಲುಗಿನಲ್ಲಿ ಬೊರುಗುಲು. ಅದಕ್ಕೆ ಒಗ್ಗರಣೆ ಬಿದ್ದರೆ ಅನಂತಪುರದ ಕಡೆ 'ಉಗ್ಗಾಣಿ' ಎನ್ನುತ್ತಾರೆ. ಹೆಸರು ಏನೇ ಇರಲಿ, ತಟ್ಟೆಯಲ್ಲಿ ಬರುವುದು ಒಂದೇ.

ಅಂಕ ಕೊಡುವ ಕ್ರಮವನ್ನು ಹೇಳಬೇಕು. ಹಿಂಡಿದ ಹದಕ್ಕೆ ಮೂರು, ಒಗ್ಗರಣೆಗೆ ಎರಡು, ಮೇಲೆ ಉದುರಿಸುವ ಪುಟಾಣಿ ಪುಡಿಗೆ ಎರಡು, ಬಜ್ಜಿಗೆ ಮೂರು. ಹಿಂಡುವುದಕ್ಕೆ ಇಷ್ಟು ಮರ್ಯಾದೆ ಏಕೆಂದು ಕೇಳುವವರು ಅದನ್ನು ಒಮ್ಮೆ ಮಾಡಿ ನೋಡಬೇಕು. ಮಂಡಾಳು ನೀರಿನಲ್ಲಿ ಒಂದು ಕ್ಷಣ ಹೆಚ್ಚು ನಿಂತರೆ ಗಂಜಿಯಾಗುತ್ತದೆ. ಕಡಿಮೆಯಾದರೆ ಗಂಟಲಿನಲ್ಲಿ ನಿಲ್ಲುತ್ತದೆ. ಈರುಳ್ಳಿ, ಹಸಿಮೆಣಸಿನಕಾಯಿ, ಅರಿಸಿನ ಎಲ್ಲವೂ ಅನಂತರದ ಮಾತು. ಅಂಗಡಿಯ ಮಾನ ಉಳಿಯುವುದು ಅಂಗೈಯ ಆ ಒಂದು ಹಿಡಿತದಲ್ಲಿ.

ನಾವು ಹೆಚ್ಚಾಗಿ ಹಿಡಿಯುವುದು ಓಬಳಾಪುರದ ಕಡೆಯ ದಾರಿ. ರಾಯದುರ್ಗದ ಬೆಟ್ಟದ ಕೋಟೆಯನ್ನೂ ಸಿದ್ಧರ ಗುಹೆಗಳನ್ನೂ ನೋಡಲು ಜನ ಬರುತ್ತಾರೆ. ಈ ಕಡೆಗೆ ಯಾರೂ ನೋಡಲೆಂದು ಬರುವುದಿಲ್ಲ. ಮಳೆ ಕಡಿಮೆ, ಬಂದ ವರ್ಷ ಶೇಂಗಾ, ಜೋಳ, ಇಲ್ಲದ ವರ್ಷ ಬರಿಯ ಕೆಂಪು ನೆಲ. ಆ ಕೆಂಪಿನಲ್ಲಿದ್ದ ಕಬ್ಬಿಣದ ಅದಿರಿನಿಂದ 2000ರ ದಶಕದಲ್ಲಿ ಓಬಳಾಪುರದ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು. ಎರಡು ರಾಜ್ಯಗಳ ಗಡಿ ಎಲ್ಲಿದೆಯೆಂಬ ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೂ ಏರಿತು. ಗಡಿಯೇನೋ ಅದಕ್ಕೂ ಹಳೆಯದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ ಮೈಸೂರಿಗೆ ಬಂದಿತು. ರಾಯದುರ್ಗ ಅನಂತಪುರ ಜಿಲ್ಲೆಯ ಪಾಲಾಯಿತು. ಅಂದಿನಿಂದ ಇಲ್ಲಿಯ ಮನೆಗಳಲ್ಲಿ ಮಾತು ಎರಡಾಗಿ ಉಳಿದರೂ ಬರಹ ಬಹುಮಟ್ಟಿಗೆ ಒಂದಾಯಿತು.

ಇದು ನಮಗೆ ಮನವರಿಕೆಯಾದದ್ದು ಆ ದಾರಿಯ ಒಂದು ಸಣ್ಣ ಅಂಗಡಿಯಲ್ಲಿ. ನಡೆಸುವವಳು ಒಬ್ಬ ಮುದುಕಿ. ಒತ್ತಾಸೆಗೆ ಶಾಲೆಗೆ ಹೋಗುವ ಮೊಮ್ಮಗಳು. ಕೊಟ್ಟ ಅಂಕವನ್ನು ಅಂಗಡಿಯವರಿಗೆ ತಿಳಿಸಬಾರದೆಂಬುದು ನಮ್ಮ ನಿಯಮ. ಹೊಟ್ಟೆಪಾಡಿಗೆ ಒಲೆ ಹಚ್ಚಿದವರನ್ನು ಹಾದಿಹೋಕರು ತೂಗಿ ನೋಡುವುದು ಚೆನ್ನಲ್ಲವೆಂದು ಹಾಗೆ ಮಾಡಿದ್ದು. ಆದರೆ ಮುದುಕಿ ಪುಸ್ತಕವನ್ನು ಕಂಡುಬಿಟ್ಟಳು.

"ಏನಪ್ಪಾ ಬರಕೊಳ್ಳಾಕತ್ತೀರಿ? ಸರಕಾರದೋರಾ?"

"ಅಲ್ಲವ್ವಾ, ನಿನ್ನ ಒಗ್ಗರಣೆಗೆ ಅಂಕ."

ಆಕೆ ಪುಸ್ತಕವನ್ನು ಇಸಿದುಕೊಂಡು ಮೊಮ್ಮಗಳ ಕೈಗೆ ಕೊಟ್ಟು ಓದೆಂದಳು. ಹುಡುಗಿ ಅಜ್ಜಿಯೊಡನೆ ಆಡುವುದು ಕನ್ನಡ, ಕಲಿತದ್ದು ತೆಲುಗಿನಲ್ಲಿ. ಎರಡು ಲಿಪಿಗಳೂ ಒಂದೇ ಬೇರಿನವು. ಗ, ರ, ಣ ಅವಳಿಗೆ ಹಳೆಯ ಗುರುತಿನವರಂತೆ ಕಂಡವು. "ಒಗ್ಗರಣೆ" ಎಂದು ತಡವರಿಸಿ ಓದಿದಳು. "ಹತ್ತಕ್ಕೆ" ಎಂಬಲ್ಲಿ ನಿಂತಳು. ತ, ಕ ಎರಡೂ ತೆಲುಗಿನ ರೂಪವನ್ನು ಬಿಟ್ಟು ದೂರ ಹೋದ ಅಕ್ಷರಗಳು. ಅದನ್ನು ದಾಟಿ, ಮುಂದಿದ್ದ ಅಂಕೆಯನ್ನು ಸಲೀಸಾಗಿ ಓದಿದಳು: 6.

"ಆರಾ!" ಎಂದಳು ಮುದುಕಿ. ಕೋಪವಿರಲಿಲ್ಲ, ಲೆಕ್ಕ ಕೇಳುವ ದನಿ. ಹಿಂಡಿದ ಹದಕ್ಕೆ ಮೂರರಲ್ಲಿ ಒಂದೇ ಬಿದ್ದಿದೆಯೆಂದು ತಿಳಿಸಿದೆವು. ಆಕೆ ಕೊಂಚ ಹೊತ್ತು ತನ್ನ ಅಂಗೈಯನ್ನು ನೋಡಿಕೊಂಡು, "ರಾತ್ರಿ ಮಳಿ ಬಂತು. ಮಂಡಾಳು ಮದಲೇ ಮೆತ್ತಗಾಗಿದ್ವು. ದಿನದಂಗ ನೆನಿಸಿಬಿಟ್ಟೆ. ನಿಮ್ಮ ಲೆಕ್ಕ ಖರೇ ಐತಿ. ಬರೋ ತಿಂಗಳು ಬರ್ರಿ" ಎಂದಳು.

ನಮ್ಮಲ್ಲೊಬ್ಬರು ಪುಸ್ತಕದಿಂದ ಹಾಳೆಯೊಂದನ್ನು ಹರಿದು ತೆಲುಗಿಗಿಂತ ಬೇರೆಯಾದ ಕನ್ನಡದ ಅಕ್ಷರಗಳನ್ನಷ್ಟೇ ಬರೆದು ಹುಡುಗಿಗೆ ಕೊಟ್ಟರು. ಅರ್ಧ ಪುಟವೂ ತುಂಬಲಿಲ್ಲ. ಎಪ್ಪತ್ತು ವರ್ಷಗಳ ಅಂತರ ಅಷ್ಟು ಚಿಕ್ಕ ಕಾಗದದಲ್ಲಿ ಹಿಡಿಯುತ್ತದೆಯೆಂದು ನಾವು ಎಣಿಸಿರಲಿಲ್ಲ.

ಮುಂದಿನ ತಿಂಗಳು ಅಂಕಪಟ್ಟಿಯನ್ನು ಗಟ್ಟಿಯಾಗಿ ಓದಿದವಳು ಆ ಹುಡುಗಿಯೇ. "ಹತ್ತಕ್ಕೆ" ಎಂಬಲ್ಲಿ ನಿಲ್ಲಲಿಲ್ಲ. ಅಂಕ 8. ಅದು ಏಳೇ ಆಗಬೇಕಿತ್ತು, ಎದುರಿಗೆ ಓದಿಸುವುದರಿಂದ ಕೈ ಸಡಿಲವಾಗುತ್ತಿದೆ ಎಂದು ನಮ್ಮಲ್ಲಿ ಕೆಲವರ ಆಕ್ಷೇಪಣೆ. ಬಜ್ಜಿಯೇ ಅದಕ್ಕೆ ಉತ್ತರವೆಂದು ಉಳಿದವರ ವಾದ. ಈ ವಿವಾದ ಇನ್ನೂ ತೀರಿಲ್ಲ, ನಡಿಗೆಯೂ ನಿಂತಿಲ್ಲ.