ಅರಸೀಕೆರೆಯಲ್ಲಿ ಎಂಟು ದಿನ

ಅರಸೀಕೆರೆ ಎಂದೊಡನೆ ನಮ್ಮ ವಾಚಕರಲ್ಲಿ ಬಹುಮಂದಿಗೆ ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್ನೂ ಅಲ್ಲಿಯ ತೆಂಗಿನ ತೋಟಗಳೂ ನೆನಪಿಗೆ ಬರುವುದು ಸಹಜ. ನಾವು ಹೇಳಹೊರಟಿರುವುದು ಆ ಊರನ್ನಲ್ಲ. ಹರಪನಹಳ್ಳಿ ತಾಲ್ಲೂಕಿನಲ್ಲಿ ಅದೇ ಹೆಸರಿನ ಇನ್ನೊಂದು ಊರುಂಟು. ಈ ತಾಲ್ಲೂಕು ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದು, 1997ರಲ್ಲಿ ದಾವಣಗೆರೆಗೆ ಸೇರಿ, 2018ರಲ್ಲಿ ಮರಳಿ ಬಳ್ಳಾರಿಗೆ ಬಂದು, 2021ರಲ್ಲಿ ಹೊಸದಾಗಿ ಹುಟ್ಟಿದ ವಿಜಯನಗರ ಜಿಲ್ಲೆಯ ಪಾಲಾಯಿತು. "ನಾವು ಕೂತಲ್ಲಿಂದ ಕದಲಲಿಲ್ಲ, ಜಿಲ್ಲೆಗಳೇ ನಮ್ಮ ಬಾಗಿಲ ಮುಂದೆ ಹಾದುಹೋದವು" ಎಂದು ಅಲ್ಲಿಯ ಹಿರಿಯರೊಬ್ಬರು ನಮ್ಮೊಡನೆ ವಿನೋದವಾಗಿ ಹೇಳಿದರು.

ಆ ಊರಿನಲ್ಲಿ, ವರಸೆಯಿಂದ ನಮಗೆ ತಂಗಿಯಾಗಬೇಕಾದ ಒಬ್ಬ ಹೆಣ್ಣುಮಗಳಿದ್ದಾಳೆ. ಬಹುದಿನದಿಂದ ಕರೆಯುತ್ತಿದ್ದಳಾದ ಕಾರಣ, ಈ ಸಲ ಭರತ ಹುಣ್ಣಿಮೆಗೆ ಇಪ್ಪತ್ತು ದಿನವಿರುವಾಗ ದಾವಣಗೆರೆಯಿಂದ ಬಸ್ಸು ಹಿಡಿದು ಹೊರಟೆವು. ಕರಿಯ ನೆಲ, ಕೆಂಪು ನೆಲ ಒಂದಾದ ಮೇಲೊಂದು ಬರುತ್ತವೆ. ಮೆಕ್ಕೆಜೋಳದ ಒಕ್ಕಣೆ ಮುಗಿದು ಹೊಲಗಳು ಬಯಲಾಗಿದ್ದುವು. ಕೊಳವೆಬಾವಿಯುಳ್ಳ ಕಡೆ ಮಾತ್ರ ಹಸುರು. ಉಚ್ಚಂಗಿಯ ಪಾಂಡ್ಯರು ಆಳಿದ, ಹೊಯ್ಸಳ ವೀರಬಲ್ಲಾಳನು ಗೆದ್ದ ಉಚ್ಚಂಗಿದುರ್ಗವು ಈ ಸೀಮೆಯದೇ. ಭರತ ಹುಣ್ಣಿಮೆಗೆ ಆ ಬೆಟ್ಟದ ಯಲ್ಲಮ್ಮನ ಜಾತ್ರೆ. ಜನವು ಹೊಳೆಯಂತೆ ಹರಿದುಬರುವುದು. ಜಾತ್ರೆಗಳ ಕಾಲ ಬಂತೆಂದರೆ ಸುತ್ತಣ ಹಳ್ಳಿಗಳಲ್ಲಿ ನಾಟಕ, ಭಜನೆ, ರಸಮಂಜರಿ ಮೇಳಗಳಿಗೆ ಬಿಡುವೆಂಬುದಿಲ್ಲ.

ನಮ್ಮ ತಂಗಿಯ ಮಗನು ಅಂತಹ ಒಂದು ಮೇಳದಲ್ಲಿ ಎಲೆಕ್ಟ್ರಿಕ್ ಗಿಟಾರು ನುಡಿಸುವವನು. ಅವನ ತಂದೆ ಮಳೆಯಿಲ್ಲದ ವರ್ಷಗಳಲ್ಲಿ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದು, ಒಮ್ಮೆ ಕೂಲಿಯ ಹಣದಲ್ಲಿ ಆ ಗಿಟಾರನ್ನು ಯಾರಿಂದಲೋ ಹಳೆಯದಾಗಿ ಕೊಂಡುತಂದಿದ್ದನಂತೆ. ಆತನು ತೀರಿಕೊಂಡು ನಾಲ್ಕು ವರ್ಷವಾಯಿತು. ಈಗ ಮನೆಯ ಸಂಪಾದನೆಯಲ್ಲಿ ಅರ್ಧದಷ್ಟು ಆ ವಾದ್ಯದಿಂದಲೇ ಬರುವುದು. ನಾವು ಹೋದ ದಿನ ಹುಡುಗನ ಮುಖ ಬಾಡಿತ್ತು. ಗಿಟಾರಿನ ಮೂರು ಪಿಕಪ್ಪುಗಳಲ್ಲಿ ಸೇತುವೆಯ ಬದಿಯದು, ಎಂದರೆ ಹಾಡಿನ ಎತ್ತರದ ಸ್ವರಗಳನ್ನು ಮುಂದಕ್ಕೆ ತರುವಂಥದು, ಮೂಕವಾಗಿತ್ತು. ತಾಯಿ ಜೋಳ ಮಾರಿದ ಹಣದಲ್ಲಿ ಸ್ವಲ್ಪವನ್ನು ಗಂಟುಕಟ್ಟಿ ಇಟ್ಟಿದ್ದಳು. ಒಂದು ಸಲ ಕೊಳ್ಳಬಹುದು. ತಪ್ಪಾದರೆ ಎರಡನೆಯ ಸಲ ಕೊಳ್ಳುವಂತಿರಲಿಲ್ಲ.

ಈ ಪಿಕಪ್ಪೆಂಬುದು ಏನೆಂದು ಗೃಹಸ್ಥರಾದ ವಾಚಕರು ಕೇಳಬಹುದು. ನಮಗೂ ಆ ದಿನದವರೆಗೆ ತಿಳಿಯದು. ಸೈಕಲ್ಲಿನ ಡೈನಮೊವನ್ನು ನೋಡಿದವರಿಗೆ ಇದು ಕಷ್ಟವಲ್ಲ. ಅಯಸ್ಕಾಂತವೂ ತಾಮ್ರದ ತಂತಿಯ ಸುರುಳಿಯೂ ಒಂದರ ಬಳಿ ಒಂದು ಚಲಿಸಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದೆಂದು ಮೈಕೆಲ್ ಫ್ಯಾರಡೆಯು 1831ರಲ್ಲಿ ತೋರಿಸಿದನು. ಗಿಟಾರಿನಲ್ಲಿ ಅಯಸ್ಕಾಂತವೂ ಸುರುಳಿಯೂ ನಿಂತಲ್ಲೇ ನಿಂತಿರುವುವು. ಮೇಲೆ ಮಿಡಿಯುವ ಉಕ್ಕಿನ ತಂತಿಯು ಅಯಸ್ಕಾಂತದ ಬಲವನ್ನು ಅಲುಗಿಸುವುದು. ಆ ಅಲುಗಾಟವೇ ಸುರುಳಿಯಲ್ಲಿ ಸಣ್ಣ ವಿದ್ಯುತ್ತಾಗಿ, ಪೆಟ್ಟಿಗೆಯಲ್ಲಿ ದೊಡ್ಡದಾಗಿ, ನಮ್ಮ ಕಿವಿಗೆ ನಾದವಾಗುವುದು. ಅಮೆರಿಕದಲ್ಲಿ ಜಾರ್ಜ್ ಬೀಚಮ್ ಎಂಬವನು 1931ರಲ್ಲಿ ಇಂಥ ಗಿಟಾರನ್ನು ಮಾಡಿದನು. ಆಕಾರವನ್ನು ನೋಡಿ ಜನರು ಅದಕ್ಕೆ 'ಬಾಣಲೆ' ಎಂದು ಅಡ್ಡಹೆಸರಿಟ್ಟರು. ನಮ್ಮ ಸಂಗೀತಕ್ಕೂ ಈ ವಿದ್ಯೆ ಹೊರಗಿನದಾಗಿ ಉಳಿದಿಲ್ಲ. ಯು. ಶ್ರೀನಿವಾಸರು ಕರ್ನಾಟಕ ಸಂಗೀತವನ್ನು ಎಲೆಕ್ಟ್ರಿಕ್ ಮ್ಯಾಂಡೊಲಿನ್ನಿನಲ್ಲಿ ನುಡಿಸಿ ಲೋಕಪ್ರಸಿದ್ಧರಾದುದನ್ನು ಬಲ್ಲವರು ಬಲ್ಲರು.

ಕೊಳ್ಳುವ ಮೊದಲು ರೋಗವನ್ನು ತಿಳಿಯಬೇಕಷ್ಟೆ. ಎಷ್ಟೋ ಸಲ ಬೆಸುಗೆ ಬಿಟ್ಟಿದ್ದರೆ ಅಥವಾ ಸ್ವಿಚ್ಚಿನಲ್ಲಿ ಧೂಳು ಕೂತಿದ್ದರೆ ಒಳ್ಳೆಯ ಪಿಕಪ್ಪನ್ನೇ ಜನರು ಕಿತ್ತೆಸೆಯುವುದುಂಟಂತೆ. ಹುಡುಗನು ಮೀಟರು ಹಿಡಿದು ಅಳೆದನು. ಉಳಿದೆರಡು ಪಿಕಪ್ಪುಗಳು ಸುಮಾರು ಆರು ಸಾವಿರ ಓಮ್ ತೋರಿಸಿದುವು. ಮೂರನೆಯದರಲ್ಲಿ ಮುಳ್ಳು ಕದಲಲೇ ಇಲ್ಲ. ಒಳಗೆ ಎಲ್ಲಿಯೋ ತಂತಿ ಹರಿದಿತ್ತು.

ಊರಿನಲ್ಲಿ ಪಂಪುಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುವ ಒಬ್ಬ ಕೆಲಸಗಾರನಿದ್ದನು. ಅವನ ಬಳಿಗೆ ಹೋದೆವು. ಆತನು ಸುರುಳಿಯನ್ನು ಬೆಳಕಿಗೆ ಹಿಡಿದು ನಕ್ಕು, "ನಾನು ಸುತ್ತುವುದು ಹಗ್ಗ ಸ್ವಾಮಿ, ಇದು ಜೇಡನ ಕೆಲಸ" ಎಂದನು. ತಲೆಗೂದಲಿನಷ್ಟು ಸಣ್ಣ ತಂತಿ. ಸುತ್ತುಗಳಾದರೋ ಏಳೆಂಟು ಸಾವಿರ. ಹಠ ಹಿಡಿದು ಎರಡು ಸಲ ಪ್ರಯತ್ನಿಸಿದನು. ಎರಡು ಸಲವೂ ತಂತಿ ತುಂಡಾಯಿತು. ಕೊನೆಗೆ ಕಾಸು ತೆಗೆದುಕೊಳ್ಳದೆ, "ನನ್ನ ಯಂತ್ರದ ಕೈ ಒರಟು, ಹೊಸದನ್ನೇ ತರಿಸಿರಿ" ಎಂದು ಹೇಳಿ ಕಳುಹಿದನು. ತನ್ನಿಂದಾಗದ ಕೆಲಸವನ್ನು ಆಗದೆಂದು ಹೇಳುವ ಕುಶಲಿಗರು ಇನ್ನೂ ಇದ್ದಾರೆಂದು ನಮಗೆ ಸಂತೋಷವಾಯಿತು.

ಹೊಸದೆಂದರೆ ಯಾವುದು? ಇಲ್ಲಿಯೇ ತೊಡಕು. ಬದಲಿ ಪಿಕಪ್ಪುಗಳನ್ನೇ ಮಾಡಿ ಮಾರುವ ಉದ್ಯಮವು ಅಮೆರಿಕದಲ್ಲಿ 1970ರ ದಶಕದಲ್ಲಿ ಬೆಳೆಯಿತು. ಡಿಮಾರ್ಜಿಯೊ, ಸೆಯ್‌ಮೂರ್ ಡಂಕನ್ ಮೊದಲಾದ ಹೆಸರುಗಳು ಹುಡುಗನ ನಾಲಗೆಯ ತುದಿಯಲ್ಲಿದ್ದುವು. ಪ್ರಸಿದ್ಧ ವಾದಕರು ಯಾವುದನ್ನು ಬಳಸುವರೋ ಅದೇ ತನಗೂ ಬೇಕೆಂಬುದು ಅವನ ಮೊದಲ ಆಸೆ. ಅದು ಒಂದೇ ಸುರುಳಿಯುಳ್ಳ ಜಾತಿ. ನಾದವು ಗಾಜಿನಂತೆ ತಿಳಿಯಾದುದು. ನಾವು ಏನೂ ತಿಳಿಯದವರಾದುದರಿಂದ ಒಂದೇ ಪ್ರಶ್ನೆ ಕೇಳಿದೆವು: "ನೀನು ನುಡಿಸುವುದು ಎಲ್ಲಿ?" ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದನು.

ಅವನು ನುಡಿಸುವುದು ಗುಡಿಯ ಮುಂದಿನ ಚಪ್ಪರದಲ್ಲಿ, ಕಂಬದಿಂದ ಎಳೆದ ತಂತಿಯ ವಿದ್ಯುತ್ತಿನಲ್ಲಿ. ಸುತ್ತಲೂ ಬಣ್ಣದ ದೀಪಗಳ ಸರ, ಪಕ್ಕದ ತೋಟದಲ್ಲಿ ಪಂಪುಸೆಟ್ಟು. ನಮ್ಮ ದೇಶದ ಮನೆಗಳ ವಿದ್ಯುತ್ತು ಕ್ಷಣಕ್ಕೆ 50 ಸಲ ಹಿಂದುಮುಂದಾಗುವುದು. ಒಂಟಿ ಸುರುಳಿಯು ತಂತಿಯ ನಾದದೊಡನೆ ಈ ಗುಂಜನವನ್ನೂ ಹಿಡಿದುಕೊಡುವುದು. ಹಿಂದಿನ ವರ್ಷದ ಜಾತ್ರೆಯಲ್ಲಿ ಭಾವಗೀತೆಯ ನಡುವೆ ದುಂಬಿಯ ಸದ್ದು ಎದ್ದು ಜನರು ನಕ್ಕರೆಂದು ತಾಯಿಯೇ ಹೇಳಿದಳು. ಇದಕ್ಕೆ ಪರಿಹಾರವು ಹಳೆಯದೇ. ಗಿಬ್ಸನ್ ಕಂಪೆನಿಯಲ್ಲಿದ್ದ ಸೇತ್ ಲವರ್ ಎಂಬವನು 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ 'ಹಂಬಕರ್' ಎಂಬ ಜೋಡಿಸುರುಳಿಯ ಪಿಕಪ್ಪು. ಎರಡು ಸುರುಳಿಗಳನ್ನು ಒಂದಕ್ಕೊಂದು ಎದುರಾಗಿ ಜೋಡಿಸಿ, ಅಯಸ್ಕಾಂತದ ಧ್ರುವಗಳನ್ನೂ ಎದುರಾಗಿಟ್ಟರೆ, ಹೊರಗಿನಿಂದ ಬಂದ ಗುಂಜನವು ಒಂದನ್ನೊಂದು ಅಳಿಸಿಕೊಳ್ಳುವುದು. ತಂತಿಯ ನಾದ ಮಾತ್ರ ಒಂದಕ್ಕೊಂದು ಕೂಡಿ ಹೆಚ್ಚುವುದು.

ಆದರೆ ಪೂರ್ಣ ಅಳತೆಯ ಹಂಬಕರನ್ನು ಕೂರಿಸಬೇಕಾದರೆ ಗಿಟಾರಿನ ಮರವನ್ನು ಕೊರೆಯಬೇಕು. ಇಷ್ಟು ಹೊತ್ತು ಬಾಗಿಲ ಬಳಿ ಅಕ್ಕಿ ಆರಿಸುತ್ತಿದ್ದ ತಾಯಿಯು ಆಗ ತಲೆಯೆತ್ತಿ, "ಅವರು ತಂದದ್ದನ್ನು ಕೊರೆಯಬೇಡ" ಎಂದಳು. ಮತ್ತೆ ಮಾತನಾಡಲಿಲ್ಲ. ಹುಡುಗನೂ ಆಡಲಿಲ್ಲ.

ಉಳಿದುದು ಮೂರನೆಯ ದಾರಿ: ಒಂಟಿ ಸುರುಳಿಯ ಅಳತೆಯಲ್ಲಿಯೇ ಎರಡು ಸಣ್ಣ ಸುರುಳಿಗಳನ್ನು ಅಡಗಿಸಿದ ಪಿಕಪ್ಪು. ಮರಕ್ಕೆ ಉಳಿ ತಾಗಿಸದೆ ಹಳೆಯ ಗುಂಡಿಯಲ್ಲಿಯೇ ಕೂರುವುದು. ತಿಳಿನಾದದಲ್ಲಿ ಸ್ವಲ್ಪ ನಷ್ಟವುಂಟು. ಆದರೆ ಗುಂಜನವಿಲ್ಲ, ಬಲವೂ ಹೆಚ್ಚು. ಬೆಲೆಯು ಗಂಟಿನಲ್ಲಿದ್ದುದಕ್ಕೆ ಸರಿಯಾಗಿತ್ತು. ಬೆಂಗಳೂರಿನಿಂದ ತರಿಸಿದೆವು, ಐದನೆಯ ದಿನ ಕೈಸೇರಿತು.

ಬೆಸುಗೆ ಹಾಕಿ ನುಡಿಸಿದಾಗ ಒಂದು ಗಾಬರಿಯೂ ಆಯಿತು. ಹೊಸದು ಒಂಟಿಯಾಗಿ ಚೆನ್ನಾಗಿ ನುಡಿಯಿತು. ನಡುವಿನ ಹಳೆಯ ಪಿಕಪ್ಪಿನೊಡನೆ ಕೂಡಿಸಿದರೆ ಮಾತ್ರ ಸ್ವರವು ಮೂಗಿನಿಂದ ಬಂದಂತೆ ತೆಳ್ಳಗಾಯಿತು. ಹಣ ಹೋಯಿತೆಂದೇ ತಾಯಿ ತಿಳಿದಳು. ಎರಡೂ ಎದುರುಮುಖವಾಗಿ ಕೆಲಸ ಮಾಡುತ್ತಿದ್ದುದೇ ಕಾರಣ. ಹೊಸದರ ಎರಡು ತಂತಿಗಳನ್ನು ಅದಲುಬದಲು ಮಾಡಿದೊಡನೆ ಸರಿಹೋಯಿತು. ಬಳಿಕ ಎತ್ತರ. ಪಿಕಪ್ಪನ್ನು ತಂತಿಗೆ ತೀರ ಹತ್ತಿರ ತಂದರೆ ಅಯಸ್ಕಾಂತವು ತಂತಿಯನ್ನು ಎಳೆದು ಶ್ರುತಿ ಕೆಡುವುದು. ದೂರವಾದರೆ ನಾದ ಸೊರಗುವುದು. ಎರಡು ಮೂರು ಮಿಲಿಮೀಟರಿನಲ್ಲಿ ಹುಡುಗನು ಅರ್ಧ ದಿನ ಕಳೆದನು.

ಎಂಟನೆಯ ದಿನದ ಸಂಜೆ ಗುಡಿಯ ಮುಂದೆ ಮೇಳದವರು ಅಭ್ಯಾಸಕ್ಕೆ ಕೂಡಿದರು. ದೀಪದ ಸರ ಹೊತ್ತಿತು, ತೋಟದ ಮೋಟಾರು ಓಡುತ್ತಿತ್ತು. ಹುಡುಗನು ತಂತಿಗಳ ಮೇಲೆ ಅಂಗೈಯಿಟ್ಟು ಪೆಟ್ಟಿಗೆಯ ಸದ್ದನ್ನು ಪೂರ್ಣ ಏರಿಸಿದನು. ದುಂಬಿಯಿರಲಿಲ್ಲ. ಅವನು ಕೈಯೆತ್ತಿ ಮೊದಲ ಸ್ವರವನ್ನು ಮಿಡಿದಾಗ ತಾಯಿಯು ಹೆಂಗಸರ ಗುಂಪಿನ ಹಿಂದೆ ಸೆರಗನ್ನು ಬಾಯಿಗಿಟ್ಟುಕೊಂಡು ನಿಂತಿದ್ದಳು. ನಾವು ನೋಡಿಯೂ ನೋಡದವರಂತಿದ್ದೆವು.

ಗೃಹಕೃತ್ಯದಲ್ಲಿ ಯಾವ ಪದಾರ್ಥವನ್ನು ಕೊಳ್ಳುವಾಗಲೂ ಹೆಸರನ್ನು ಕೇಳುವ ಮೊದಲು, ಅದು ಎಲ್ಲಿ ಕೆಲಸ ಮಾಡಬೇಕು, ಅದಕ್ಕಾಗಿ ಏನನ್ನು ಕೆಡಿಸಬೇಕಾದೀತು ಎಂಬೆರಡನ್ನು ಕೇಳಿಕೊಳ್ಳುವುದು ಲೇಸೆಂದು ನಮಗೆ ತೋರುತ್ತದೆ. ಹಳೆಯ ಪಿಕಪ್ಪನ್ನು ಹುಡುಗನು ಎಸೆಯಲಿಲ್ಲ. ನಾವು ಮರುದಿನ ಬಸ್ಸಿಗೆ ಹೊರಡುವಾಗ, ಅದು ದೇವರ ಗೂಡಿನಲ್ಲಿ ಅವನ ತಂದೆಯ ಭಾವಚಿತ್ರದ ಬಳಿ ಇತ್ತು.