ಹಿನ್ನೀರಿನಾಚೆಯ ಹೆಸರುಗಳು

ಸಾಗರದಿಂದ ಸಿಗಂದೂರಿಗೆ ಹೋಗುವವರು 2025ರ ಜುಲೈವರೆಗೂ ಅಂಬಾರಗೋಡ್ಲುವಿನಲ್ಲಿ ಲಾಂಚ್‌ಗೆ ಕಾಯಬೇಕಿತ್ತು. ಬಸ್ಸು, ಬೈಕು, ಮದುವೆ ದಿಬ್ಬಣ ಎಲ್ಲ ಶರಾವತಿ ಹಿನ್ನೀರು ದಾಟುತ್ತಿದ್ದದ್ದು ಅದರಲ್ಲೇ. ಈಗ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಇದೆ. ಆಚೆ ದಡದ ಕಳಸವಳ್ಳಿ ಕೆಲವೇ ನಿಮಿಷದ ದಾರಿ.

ಹೆಚ್ಚಿನವರು ದೇವಿಯ ದರ್ಶನ ಮಾಡಿ ವಾಪಸ್ ಹೊರಡ್ತಾರೆ. ನಾನು ತುಮರಿ ಕಡೆ ಎರಡು ದಿನ ಉಳಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನೀರು ಸುತ್ತುವರಿದು ದೂರವಾದ ಸೀಮೆ ಇದು. ಇಲ್ಲಿ ಊರು ಅಂದ್ರೆ ಸಾಲುಮನೆಗಳಲ್ಲ. ಅಡಿಕೆ ತೋಟದ ತಲೆಯಲ್ಲಿ ಎರಡು ಮನೆ, ಗುಡ್ಡ ಇಳಿದರೆ ಇನ್ನೊಂದು. ಪ್ರತಿ ಜಾಗಕ್ಕೂ ಹೆಸರಿದೆ. ಆದರೆ ನನ್ನ ಫೋನಿನ ನಕ್ಷೆಯಲ್ಲಿ ಬರೀ ಹಸಿರು.

“ಆಂಬುಲೆನ್ಸ್‌ನೋರು ದಾರಿ ಕೇಳ್ತಾರೆ. ನಾವು ಟಾರ್ಚ್ ಹಿಡ್ಕಂಡು ರಸ್ತೆಗೆ ಬಂದು ನಿಲ್ಲೋದು” ಅಂದರು ನಾನಿದ್ದ ಮನೆಯ ಅಜ್ಜಿ.

ಈ ಖಾಲಿ ಜಾಗ ತುಂಬಲು ಯಾರ ಅಪ್ಪಣೆಯೂ ಬೇಕಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ. ವಿಕಿಪೀಡಿಯದಂತೆ ಯಾರು ಬೇಕಾದರೂ ತಿದ್ದಬಹುದಾದ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಲೋಕದ ನಕ್ಷೆ. 2004ರಲ್ಲಿ ಇದನ್ನು ಶುರು ಮಾಡಿದ್ದು ಬ್ರಿಟನ್ನಿನ ಸ್ಟೀವ್ ಕೋಸ್ಟ್. ಅಲ್ಲಿನ ಸರ್ಕಾರಿ ನಕ್ಷೆಯ ಮಾಹಿತಿ ಬಳಸಲು ಆಗ ದುಡ್ಡು ಕೊಡಬೇಕಿತ್ತು.

ಇದರ ಬೆಲೆ ಜಗತ್ತಿಗೆ ತಿಳಿದದ್ದು 2010ರಲ್ಲಿ. ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾದಾಗ ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ನ ಬೀದಿಗಳ ಒಳ್ಳೆಯ ನಕ್ಷೆಯೇ ಇರಲಿಲ್ಲ. ಬೇರೆ ಬೇರೆ ದೇಶದ ಸ್ವಯಂಸೇವಕರು ಮನೆಯಲ್ಲೇ ಕೂತು ಉಪಗ್ರಹ ಚಿತ್ರ ನೋಡಿ ರಸ್ತೆ, ಕಟ್ಟಡ, ಬಿಡಾರಗಳನ್ನು ಗುರುತಿಸಿದರು. ರಕ್ಷಣಾ ತಂಡಗಳು ಅದನ್ನೇ ಬಳಸಿದವು.

ಆದರೆ ಆಕಾಶದಿಂದ ಮಾಡು ಕಾಣುತ್ತೆ, ಹೆಸರು ಕಾಣಲ್ಲ. ಅದಕ್ಕೆ ನಡೆದೇ ಹೋಗಬೇಕು. ಮಾರನೇ ದಿನ ಅಜ್ಜಿಯ ಮೊಮ್ಮಗನ ಜೊತೆ ಕಾಲುಹಾದಿ, ಶಾಲೆ, ಬಸ್ ನಿಲ್ಲೋ ಜಾಗ ಎಲ್ಲ ಗುರುತು ಹಾಕುತ್ತಾ ಹೋದೆ. ಅಜ್ಜಿ ಹೇಳಿದ ಹಾಗೇ ಹೆಸರುಗಳನ್ನು ಕನ್ನಡದಲ್ಲೇ ಬರೆದೆವು. ಎರಡು ಹೆಸರು ಮೊಮ್ಮಗನಿಗೇ ಹೊಸದು!

ನೀವೂ ಮಾಡಬಹುದು. ಆಂಡ್ರಾಯ್ಡ್‌ನಲ್ಲಿ ಸ್ಟ್ರೀಟ್‌ಕಂಪ್ಲೀಟ್ ಆ್ಯಪ್ ಸಣ್ಣ ಪ್ರಶ್ನೆ ಕೇಳುತ್ತೆ, ಉತ್ತರಿಸಿದರೆ ನಕ್ಷೆ ಸೇರುತ್ತೆ. ಆರ್ಗ್ಯಾನಿಕ್ ಮ್ಯಾಪ್ಸ್ ಮೊದಲೇ ಡೌನ್‌ಲೋಡ್ ಮಾಡಿಟ್ಟರೆ ನೆಟ್‌ವರ್ಕ್ ಇಲ್ಲದ ಕಾಡಲ್ಲೂ ದಾರಿ ತೋರಿಸುತ್ತೆ. ಕಂಡದ್ದನ್ನೇ ಬರೆಯಿರಿ, ಬೇರೆ ಕಂಪನಿಯ ನಕ್ಷೆಯಿಂದ ನಕಲು ಬೇಡ. ಮನೆಯವರ ಹೆಸರು, ಫೋನ್ ನಂಬರ್ ಹಾಕಬೇಡಿ.

ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಹಾಡಿಯ, ಹಳ್ಳದ, ಕೆರೆಯ ಹೆಸರು ನಕ್ಷೆಯಲ್ಲಿದೆಯಾ ನೋಡಿ. ಇಲ್ಲದಿದ್ದರೆ, ಹೇಳುವ ಅಜ್ಜಿ ಇರುವಾಗಲೇ ಕೇಳಿ ಬರೆದುಬಿಡಿ.